ಬೇಲೂರಿನ ಕಲ್ಲುಹಾಸಿನ ಮೇಲೆ ಬಿದ್ದ ಅಪ್ಪನ ಪೆಂಟಾಕ್ಸ್: ರಿಪೇರಿ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮ್ಮದು ಮೂಡಿಗೆರೆ. ಅಪ್ಪನ ಪೆಂಟಾಕ್ಸ್ ಕೆ1000 ಕ್ಯಾಮೆರಾ, ಅದರ 50 ಎಂಎಂ ಎಫ್/2 ಲೆನ್ಸ್ ಸಮೇತ, ವರ್ಷಗಟ್ಟಲೆ ಚರ್ಮದ ಕವರ್‌ನಲ್ಲಿ ಬೀರುವಿನೊಳಗೇ ಇತ್ತು. ಈ ಸಲ ಹೊಸ ಕಲರ್ ರೀಲು ಹಾಕಿ ಬೇಲೂರಿಗೆ ತಗೊಂಡು ಹೋದೆ. ದೇವಸ್ಥಾನದ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲು, ಬರಿಗಾಲು. ಕಲ್ಲು ಸುಡುತ್ತಿತ್ತು ಅಂತ ನೆರಳಿಗೆ ಓಡುವಾಗ ಬೆಲ್ಟ್ ಕಿತ್ತು ಕ್ಯಾಮೆರಾ ಬಿತ್ತು. ಮೊದಲು ಲೆನ್ಸ್ ಮುಂಭಾಗ ಬಡಿಯಿತು, ಆಮೇಲೆ ಎಡಗಡೆ ಮೂಲೆ. ಫಿಲ್ಟರ್ ಗಾಜು ಒಡೆದು ರಿಂಗ್ ಸೊಟ್ಟ ಆಗಿದೆ, ತಿರುಗಿಸಿದರೆ ಬರುತ್ತಿಲ್ಲ. ರೀಲು ಸುತ್ತುವ ಗುಬ್ಬಿಯ ಹತ್ತಿರ ಮೇಲ್ಮುಚ್ಚಳ ತಗ್ಗಾಗಿದೆ. ಬೆಳಕು ಅಳೆಯುವ ಮೀಟರ್ ಮುಳ್ಳು ಅಲ್ಲಾಡುತ್ತಿಲ್ಲ. ವ್ಯೂಫೈಂಡರ್ ತುಂಬ ಕಪ್ಪು ಚುಕ್ಕೆ. 1 ಸೆಕೆಂಡಿಗೆ ಇಟ್ಟು ಒತ್ತಿದರೆ ಶಟರ್ ಎಳೆದಾಡುತ್ತದೆ. ದೂರದ ಗುಡ್ಡ ನೋಡಿದರೆ ಫೋಕಸ್ ಸರಿಯಾಗಿ ಕೂರುತ್ತಿಲ್ಲ ಅನ್ನಿಸುತ್ತದೆ. ಒಳಗೆ ಅರ್ಧ ಮುಗಿದ ರೀಲು ಇದೆ. ಒಬ್ಬರು ಹೊಲಿಗೆ ಮೆಷಿನ್ ಎಣ್ಣೆ ಬಿಡಿ ಅಂದರು. ಇನ್ನೊಬ್ಬರು ಇದರ ಪಾರ್ಟ್ ಎಲ್ಲೂ ಸಿಗಲ್ಲ, ಶೋಕೇಸಲ್ಲಿ ಇಡಿ ಅಂದರು. ಅಪ್ಪನಿಗೆ ಇನ್ನೂ ಹೇಳಿಲ್ಲ. ಇದು ಮತ್ತೆ ಸರಿ ಆಗುತ್ತಾ?

ಉತ್ತರ: ನೀವು ಬರೆದದ್ದು ಓದಿದರೆ ಕ್ಯಾಮೆರಾ ಸತ್ತಿದೆ ಅಂತ ನನಗೆ ಅನ್ನಿಸುತ್ತಿಲ್ಲ. ನೀವು ಆರು ತೊಂದರೆ ಹೇಳಿದ್ದೀರಿ. ಅವೆಲ್ಲ ಬೇಲೂರಿನಲ್ಲಿ ಒಂದೇ ಏಟಿಗೆ ಆದವು ಅಂದುಕೊಂಡಿದ್ದೀರಿ. ಹಾಸನದಲ್ಲಿ ನನ್ನ ಮೇಜಿಗೆ ಬರುವ ಬಿದ್ದ ಕ್ಯಾಮೆರಾಗಳಲ್ಲಿ ಹೀಗಾಗುವುದು ಕಡಿಮೆ. ಬಿದ್ದ ಮೇಲೆ ಜನ ಕ್ಯಾಮೆರಾವನ್ನು ಮೊದಲನೇ ಸಲ ಕಣ್ಣಿಟ್ಟು ನೋಡುತ್ತಾರೆ. ಆಗ ಎಷ್ಟೋ ವರ್ಷದಿಂದ ಇದ್ದ ಕಾಯಿಲೆಗಳೂ ಕಾಣುತ್ತವೆ, ಎಲ್ಲದರ ತಪ್ಪೂ ಬಿದ್ದದ್ದರ ತಲೆ ಮೇಲೆ ಬರುತ್ತದೆ. ಬಿದ್ದದ್ದರಿಂದ ಆದದ್ದು ಯಾವುದು, ಮೊದಲೇ ಇದ್ದದ್ದು ಯಾವುದು ಅಂತ ಬೇರೆ ಮಾಡಿಕೊಂಡರೆ ಅರ್ಧ ಖರ್ಚು ಉಳಿಯುತ್ತದೆ.

ಮೊದಲು ರೀಲಿನ ವಿಷಯ, ಯಾಕಂದರೆ ಅದು ಕಾಯುವುದಿಲ್ಲ. ಉಳಿದ ಫ್ರೇಮುಗಳನ್ನು ಮುಗಿಸಿಬಿಡೋಣ ಅಂತ ಲಿವರ್ ಎಳೆಯಬೇಡಿ. ಮೂಲೆ ಬಡಿದಿರುವುದರಿಂದ ಹಿಂಬಾಗಿಲು ಸ್ವಲ್ಪ ಬಿಟ್ಟುಕೊಂಡಿರಬಹುದು. ಕರೆಂಟ್ ರಿಪೇರಿಗೆ ಬಳಸುವ ಕಪ್ಪು ಟೇಪನ್ನು ಬಾಗಿಲಿನ ಸಂದಿಗೆ ಸುತ್ತಲೂ ಅಂಟಿಸಿ. ಆಮೇಲೆ ಅಡಿಯಲ್ಲಿರುವ ಚಿಕ್ಕ ಬಟನ್ ಒತ್ತಿ, ಮೇಲಿನ ಹಿಡಿಯನ್ನು ಬಾಣದ ಗುರುತು ಇರುವ ಕಡೆಗೆ ನಿಧಾನವಾಗಿ ತಿರುಗಿಸಿ. ಸುತ್ತುತ್ತಾ ಹೋದಂತೆ ಒಂದು ಕಡೆ ಬಿಗಿ ಆಗಿ, ಟಕ್ ಅಂತ ಬಿಟ್ಟು, ಆಮೇಲೆ ಹಗುರ ಆಗುತ್ತದೆ. ಅಲ್ಲಿಗೆ ಫಿಲ್ಮ್ ಡಬ್ಬಿಯೊಳಗೆ ಹೋಯಿತು ಅಂತ ಅರ್ಥ. ಗುಬ್ಬಿಯ ಕಡ್ಡಿ ಬಾಗಿದ್ದರೆ ತಿರುಗಿಸುವಾಗ ಒಂದು ಜಾಗದಲ್ಲಿ ಉಜ್ಜುತ್ತದೆ. ಜಾಸ್ತಿ ಬಲ ಹಾಕಿದರೆ ಫಿಲ್ಮಿನ ಅಂಚಿನ ತೂತುಗಳು ಹರಿಯುತ್ತವೆ. ಹಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ನಿಮ್ಮೂರಿನ ಹಳೇ ಮದುವೆ ಫೋಟೋಗ್ರಾಫರ್ ಯಾರನ್ನಾದರೂ ಕೇಳಿ. ಎರಡು ತೋಳು ತೂರಿಸಿ ಕೆಲಸ ಮಾಡುವ ಕಪ್ಪು ಚೀಲ ಅವರ ಅಟ್ಟದಲ್ಲಿ ಇದ್ದೇ ಇರುತ್ತದೆ. ಅದರೊಳಗೆ ಕ್ಯಾಮೆರಾ ಇಟ್ಟು ಬಾಗಿಲು ತೆಗೆದು ಫಿಲ್ಮನ್ನು ಕೈಯಲ್ಲೇ ಡಬ್ಬಿಗೆ ಸುತ್ತಿ ಕೊಡುತ್ತಾರೆ.

ಈ ರೀಲನ್ನು ಎಸೆಯಬೇಡಿ, ಲ್ಯಾಬಿನಲ್ಲಿ ತೊಳೆಸಿ, ಅಂದರೆ ಡೆವಲಪ್ ಮಾಡಿಸಿ. ನೀವು ಮಾಡಿಸಬಹುದಾದ ಒಳ್ಳೆಯ ಟೆಸ್ಟ್ ಇದು, ಅದೂ ಆಗಲೇ ಅರ್ಧ ಆಗಿದೆ. ಬೀಳುವ ಮೊದಲು ತೆಗೆದ ಫ್ರೇಮುಗಳಲ್ಲಿ ಕ್ಯಾಮೆರಾ ಹೇಗಿತ್ತು ಅನ್ನುವುದು ಅಚ್ಚಾಗಿ ಕೂತಿದೆ. ಶಿಲಾಬಾಲಿಕೆಯರ ಚಿತ್ರಗಳು ಅಂಚಿನಿಂದ ಅಂಚಿಗೆ ಚೂಪಾಗಿದ್ದರೆ ಲೆನ್ಸ್ ಚೆನ್ನಾಗಿತ್ತು. ಅದರಲ್ಲೂ ಕೆಂಪು, ಕಿತ್ತಳೆ ಪಟ್ಟೆ ಇದ್ದರೆ ಬೆಳಕು ಸೋರುವುದು ಹಳೇ ಕಥೆ. ಪಟ್ಟೆ ಕ್ಯಾಮೆರಾ ಬಿದ್ದ ಹೊತ್ತಿನ ಹತ್ತಿರದ ಫ್ರೇಮುಗಳಲ್ಲಿ ಮಾತ್ರ ಇದ್ದರೆ ಬಾಗಿಲು ಆಗ ಒಂದು ಕ್ಷಣ ಬಿಟ್ಟುಕೊಂಡಿತ್ತು ಅಂತ. ಲ್ಯಾಬಿನವರಿಗೆ ನೆಗೆಟಿವ್ ವಾಪಸ್ ಬೇಕೇ ಬೇಕು ಅಂತ ಹೇಳಿ. ಬರೀ ಸ್ಕ್ಯಾನ್ ಕಳಿಸಿದರೆ ತೂತುಗಳ ಪಕ್ಕದ ಅಂಚು ನಮಗೆ ಕಾಣುವುದಿಲ್ಲ. ಸೋರಿದ ಬೆಳಕು ಎಲ್ಲಿಂದ ಬಂತು ಅಂತ ಹೇಳುವುದು ಆ ಅಂಚೇ.

ಈಗ ನಿಮಗೆ ಸಿಕ್ಕ ಸಲಹೆಗಳು. ಹೊಲಿಗೆ ಮೆಷಿನ್ ಎಣ್ಣೆ ದಯವಿಟ್ಟು ಬೇಡ. ತುಕ್ಕು ಬಿಡಿಸುವ ಸ್ಪ್ರೇ ಅಂತೂ ಬೇಡವೇ ಬೇಡ. ಕ್ಯಾಮೆರಾದೊಳಗೆ ಎಣ್ಣೆ ಬಿಟ್ಟ ಜಾಗದಲ್ಲಿ ನಿಲ್ಲುವುದಿಲ್ಲ, ಹರಿದು ಶಟರ್ ಬಟ್ಟೆಗೆ, ಲೆನ್ಸಿನೊಳಗೆ ಬೆಳಕಿನ ಕಿಂಡಿಯನ್ನು ಚಿಕ್ಕದು ದೊಡ್ಡದು ಮಾಡುವ ಎಲೆಗಳಿಗೆ ಹೋಗುತ್ತದೆ. ನಿಮ್ಮ ಕ್ಯಾಮೆರಾದ ಶಟರ್ ಬಟ್ಟೆಯದ್ದು. ಎಣ್ಣೆ ಕುಡಿದ ಬಟ್ಟೆಯನ್ನು ಸರಿಮಾಡಲು ಬರುವುದಿಲ್ಲ, ಬದಲಾಯಿಸಬೇಕು. ಅಕ್ಕಿ ಡಬ್ಬದಲ್ಲಿ ಇಡಿ ಅಂತ ಹೇಳುವವರೂ ಸಿಗುತ್ತಾರೆ. ಬಿದ್ದ ಕ್ಯಾಮೆರಾಗೂ ಅಕ್ಕಿಗೂ ಏನು ಸಂಬಂಧವೋ ನನಗಂತೂ ಗೊತ್ತಾಗಿಲ್ಲ. ಅಕ್ಕಿಯ ಹುಡಿ ಸಂದಿಗೆ ಸೇರುವುದಷ್ಟೇ ಲಾಭ.

ಪಾರ್ಟ್ ಸಿಗಲ್ಲ ಅನ್ನುವುದು ಅರ್ಧ ನಿಜ. ಕಂಪನಿಯ ಹೊಸ ಪಾರ್ಟ್ ಸಿಗುವ ಕಾಲ ಮುಗಿಯಿತು. ಆದರೆ ಕೆ1000 ಬಂದದ್ದು 1976ರಲ್ಲಿ, ನಿಂತದ್ದು 1997ರಲ್ಲಿ. ಇಪ್ಪತ್ತು ವರ್ಷಕ್ಕೂ ಮೇಲೆ ಹೆಚ್ಚುಕಡಿಮೆ ಅದೇ ಯಂತ್ರ ತಯಾರಾಯಿತು. ಲಕ್ಷಗಟ್ಟಲೆ ಮಾರಾಟ ಆಯಿತು. ಹಾಗಾಗಿ ಕೆಟ್ಟುನಿಂತ ಇನ್ನೊಂದು ಬಾಡಿಯಿಂದ ಪಾರ್ಟ್ ತೆಗೆದು ಹಾಕುವುದು ಈ ಕ್ಯಾಮೆರಾದಲ್ಲಿ ಮಾಮೂಲಿ. ಕಬ್ಬಿಣದಂಥ ಬಾಡಿ, ಇದಕ್ಕೆ ಏನೂ ಆಗಲ್ಲ ಅನ್ನುವ ಮಾತೂ ಇದೆಯಲ್ಲ, ಅದೂ ಪೂರ್ತಿ ನಿಜ ಅಲ್ಲ. ಲೋಹ ಒಡೆಯುವುದಿಲ್ಲ, ಬಾಗುತ್ತದೆ. ಬಾಗಿದ್ದು ಕಣ್ಣಿಗೆ ಕಾಣದಷ್ಟು ಸಣ್ಣದಾಗಿದ್ದರೂ ಫೋಕಸ್ಸಿಗೆ ಅದು ದೊಡ್ಡದೇ.

ನಿಮ್ಮ ಪಟ್ಟಿಗೆ ಬರೋಣ. ಫಿಲ್ಟರ್ ಒಡೆದದ್ದು, ಮೇಲ್ಮುಚ್ಚಳ ತಗ್ಗಾದದ್ದು ಬಿದ್ದದ್ದರಿಂದಲೇ, ಅನುಮಾನ ಇಲ್ಲ. ವ್ಯೂಫೈಂಡರ್‌ನ ಕಪ್ಪು ಚುಕ್ಕೆ ಹಾಗಲ್ಲ. ಕನ್ನಡಿ ಮೇಲಕ್ಕೆ ಹೋಗಿ ಬಡಿಯುವ ಜಾಗದಲ್ಲಿ ಒಂದು ಸಣ್ಣ ಫೋಮ್ ಪಟ್ಟಿ ಇರುತ್ತದೆ. ವಯಸ್ಸಾದಂತೆ ಅದು ಜಿಗುಟಾಗಿ ಪುಡಿ ಆಗುತ್ತದೆ. ನಮ್ಮ ಮಲೆನಾಡಿನ ತೇವಕ್ಕೆ ಇನ್ನೂ ಬೇಗ. ಅದು ಮೊದಲೇ ಕೊಳೆತಿತ್ತು, ಬಿದ್ದ ಏಟಿಗೆ ಉದುರಿ, ನಾವು ನೋಡುವ ಚಿತ್ರ ಮೂಡುವ ಫೋಕಸಿಂಗ್ ಸ್ಕ್ರೀನ್ ಮೇಲೆ ಕೂತಿದೆ. ಈ ಚುಕ್ಕೆ ಫೋಟೋದಲ್ಲಿ ಬರುವುದಿಲ್ಲ, ನೋಡುವಾಗ ಕಿರಿಕಿರಿ ಅಷ್ಟೇ. ಲೆನ್ಸ್ ತೆಗೆದು ರಬ್ಬರ್ ಬುರುಡೆಯ ಬ್ಲೋವರ್‌ನಿಂದ ಗಾಳಿ ಹೊಡೆಯಬಹುದು. ಬಟ್ಟೆ, ಹತ್ತಿ, ಬೆರಳು ಯಾವುದನ್ನೂ ಆ ಸ್ಕ್ರೀನಿಗೆ ಮುಟ್ಟಿಸಬೇಡಿ. ಅದು ಪ್ಲಾಸ್ಟಿಕ್, ಒಂದೇ ಉಜ್ಜಿಗೆ ಗೀರು ಬೀಳುತ್ತದೆ. ಹೊರಗೆ ತೆಗೆದು ತೊಳೆಯೋಣ ಅಂದರೆ ಕೆ1000ನಲ್ಲಿ ಅದು ಸುಲಭವಾಗಿ ಕೈಗೆ ಬರುವಂಥದ್ದೂ ಅಲ್ಲ.

1 ಸೆಕೆಂಡಿನಲ್ಲಿ ಶಟರ್ ಎಳೆದಾಡುವುದೂ ಬಹುಮಟ್ಟಿಗೆ ಹಳೆಯದೇ. ನಿಧಾನದ ಸ್ಪೀಡುಗಳನ್ನು ನಡೆಸುವುದು ಒಂದು ಚಿಕ್ಕ ಹಲ್ಲಿನ ಚಕ್ರಗಳ ಗುಂಪು. ವರ್ಷಗಟ್ಟಲೆ ಬೀರುವಿನಲ್ಲಿ ಕೂತರೆ ಅದರ ಎಣ್ಣೆ ಗಟ್ಟಿಯಾಗಿ ಅಂಟಾಗುತ್ತದೆ. ಕಿವಿ ಹತ್ತಿರ ಇಟ್ಟು ಒತ್ತಿ. ಜ್ರ್‌ರ್ ಅಂತ ಒಂದೇ ಸಮ ಬಂದರೆ ಚಕ್ರಗಳು ಓಡುತ್ತಿವೆ, ಸುಸ್ತಾಗಿವೆ ಅಷ್ಟೇ. ಮಧ್ಯೆ ನಿಂತು ನಿಂತು ಓಡಿದರೆ ಸರ್ವಿಸ್ ಬೇಕು. ರೀಲು ತೆಗೆದ ಮೇಲೆ ಒಂದು ಪರೀಕ್ಷೆ ಮಾಡಿ. ಲೆನ್ಸ್ ಬಿಚ್ಚಿ, ಹಿಂಬಾಗಿಲು ತೆಗೆದು, ಎದುರಿಗೆ ಬಿಳಿ ಗೋಡೆ ಬರುವಂತೆ ಕ್ಯಾಮೆರಾ ಇಡಿ. ನಿಮ್ಮ ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ಇದ್ದರೆ ಹಿಂದಿನಿಂದ ವಿಡಿಯೋ ಮಾಡಿ. 1 ಸೆಕೆಂಡಿನಲ್ಲಿ ಶಟರ್ ಸುಮಾರು 240 ಫ್ರೇಮು ತೆರೆದಿರಬೇಕು, 1/8ರಲ್ಲಿ 30, 1/30ರಲ್ಲಿ 8. ಅದಕ್ಕಿಂತ ವೇಗದ ಸ್ಪೀಡುಗಳನ್ನು ಮೊಬೈಲಿನಲ್ಲಿ ಅಳೆಯಲು ಹೋಗಬೇಡಿ, ನಂಬುವಂಥ ಲೆಕ್ಕ ಬರುವುದಿಲ್ಲ. 1/1000ಕ್ಕೆ ಇಟ್ಟು ಹಿಂದಿನಿಂದ ಗೋಡೆ ನೋಡುತ್ತಾ ಒತ್ತಿ. ಚೌಕ ಪೂರ್ತಿ ಮಿಂಚಬೇಕು. ಒಂದು ಅಂಚು ಕತ್ತಲೆಯಾಗಿ ಉಳಿದರೆ ಶಟರಿನ ಎರಡು ಪರದೆಗಳಲ್ಲಿ ಒಂದು ಇನ್ನೊಂದನ್ನು ಹಿಂದಿನಿಂದ ಬಂದು ಹಿಡಿಯುತ್ತಿದೆ ಅಂತ.

ಮೀಟರ್ ಮುಳ್ಳು ಮಾತ್ರ ಎರಡೂ ಕಡೆಗೆ ಸೇರಬಹುದು. ಈ ಕ್ಯಾಮೆರಾಗೆ ಆನ್-ಆಫ್ ಸ್ವಿಚ್ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕದೆ ಇಟ್ಟರೆ ಬ್ಯಾಟರಿ ಸುಮ್ನೆ ಖಾಲಿ ಆಗುತ್ತಾ ಹೋಗುತ್ತದೆ. ಅಡಿಯಲ್ಲಿ ಒಂದು ಎಲ್ಆರ್44 ಬಟನ್ ಸೆಲ್ ಇರುತ್ತದೆ. ಅಲ್ಲಿ ಹಸಿರು ಕಿಲುಬು ಕಟ್ಟಿದ್ದರೆ ಇಯರ್‌ಬಡ್ಡಿಗೆ ಒಂದು ಹನಿ ವಿನೆಗರ್ ತಾಗಿಸಿ ಒರೆಸಿ, ಒಣಗಿಸಿ, ಹೊಸ ಸೆಲ್ ಹಾಕಿ. ಆಮೇಲೆ ಕಿಟಕಿ ಕಡೆ, ಕತ್ತಲೆ ಮೂಲೆ ಕಡೆ ತಿರುಗಿಸಿ ನೋಡಿ. ಮುಳ್ಳು ಓಡಾಡಿದರೆ ಬಿದ್ದದ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಇನ್ನೂ ಮಲಗಿಯೇ ಇದ್ದರೆ ತಂತಿ ಬಿಟ್ಟಿರಬಹುದು, ಇಲ್ಲವೇ ಮುಳ್ಳನ್ನು ಹೊತ್ತ ಸೂಕ್ಷ್ಮ ಕಡ್ಡಿ ಜಾಗ ಬಿಟ್ಟಿರಬಹುದು. ಎರಡನೆಯದು ಏಟಿನಿಂದ ಆಗುವುದೇ. ಆದರೆ ಒಂದು ಮಾತು ನೆನಪಿರಲಿ. ಕೆ1000ನಲ್ಲಿ ಬ್ಯಾಟರಿ ಇರುವುದು ಮೀಟರಿಗೆ ಮಾತ್ರ. ಶಟರ್ ಪೂರ್ತಿ ಸ್ಪ್ರಿಂಗು, ಚಕ್ರಗಳ ಮೇಲೆ ನಡೆಯುತ್ತದೆ. ಮೀಟರ್ ಹೋದರೂ ಫೋಟೋ ತೆಗೆಯಬಹುದು. ಮೊಬೈಲಿನಲ್ಲಿ ಲೈಟ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಅದೂ ಬೇಡ ಅಂದರೆ ಹಳೇ ಲೆಕ್ಕ ಇದೆ. ಚೊಕ್ಕ ಬಿಸಿಲಿನಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/16ಕ್ಕೆ ಚಿಕ್ಕದು ಮಾಡಿ ಇಟ್ಟು, ರೀಲಿನ ನಂಬರಿಗೆ ಹತ್ತಿರದ ಸ್ಪೀಡ್ ಹಾಕುವುದು. 200ರ ರೀಲಿಗೆ 1/250. ಕಾಫಿ ತೋಟದ ನೆರಳಿಗೆ ಹೋದರೆ ಅಲ್ಲಿಂದ ಮೂರು ನಾಲ್ಕು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು) ತೆರೆಯಿರಿ, ಸಿಲ್ವರ್ ಓಕ್ ದಟ್ಟವಾಗಿದ್ದರೆ ಐದು.

ನನಗೆ ನಿಜವಾಗಿ ಚಿಂತೆ ಇರುವುದು ನಿಮ್ಮ ಕೊನೆಯ ತೊಂದರೆ ಬಗ್ಗೆ, ಅಂದರೆ ದೂರದ ಗುಡ್ಡ. ನೀವು ಅದನ್ನು ಕೊನೆಗೆ, ಅನುಮಾನದಲ್ಲಿ ಬರೆದಿದ್ದೀರಿ. ನಾನು ಮೊದಲು ನೋಡುವುದು ಅದನ್ನೇ.

ಲೆನ್ಸ್ ಕೂರುವ ಲೋಹದ ಬಳೆಯಿಂದ ಫಿಲ್ಮಿನವರೆಗೆ ಪೆಂಟಾಕ್ಸ್ ಕೆ ಮೌಂಟಿನಲ್ಲಿ 45.46 ಮಿಲಿಮೀಟರ್ ಇರಬೇಕು. ಕಿಂಡಿ ಪೂರ್ತಿ ಎಫ್/2ಗೆ ತೆರೆದಾಗ ಈ ದೂರ ಮಿಲಿಮೀಟರಿನ ನೂರರಲ್ಲಿ ಆರು ಭಾಗದಷ್ಟು ಆಚೀಚೆ ಆದರೆ ಚಿತ್ರ ಮಬ್ಬಾಗಲು ಶುರು ಆಗುತ್ತದೆ. ಅದೇ ಎಫ್/8ರಲ್ಲಿ ಅದರ ನಾಲ್ಕು ಪಟ್ಟು ತಪ್ಪಿದ್ದರೂ ತಡೆದುಕೊಳ್ಳುತ್ತದೆ. ಬಿದ್ದ ಕ್ಯಾಮೆರಾದಲ್ಲಿ ಬಿಸಿಲಿನ ಫೋಟೋ ಚೆನ್ನಾಗಿ ಬಂದು, ಮನೆಯೊಳಗಿನ ಫೋಟೋ ಮಾತ್ರ ಯಾಕೋ ಮಬ್ಬು ಅಂತ ಜನ ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ಲೆನ್ಸ್ ಮುಂಭಾಗಕ್ಕೆ ಬಿದ್ದ ಏಟು ಫಿಲ್ಟರಿನಲ್ಲಿ ಸ್ವಲ್ಪ ಕರಗಿರುತ್ತದೆ, ಉಳಿದದ್ದು ಲೆನ್ಸಿನ ಕೊಳವೆಗೆ, ಆಮೇಲೆ ಬಳೆಗೆ ಹೋಗುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ರೀಲು ತೆಗೆದಾದ ಮೇಲೆ, ಲೆನ್ಸ್ ಹಾಕಿ, ಕ್ಯಾಮೆರಾವನ್ನು ಟ್ರೈಪಾಡ್ ಮೇಲೋ ದಿಂಬಿನ ಮೇಲೋ ಅಲ್ಲಾಡದಂತೆ ಇಡಿ. ಹಿಂಬಾಗಿಲು ತೆಗೆಯಿರಿ. ಫಿಲ್ಮ್ ಒರಗುವ ಎರಡು ನುಣುಪಾದ ಪಟ್ಟಿಗಳು ಮೇಲೂ ಕೆಳಗೂ ಕಾಣುತ್ತವೆ. ಅವುಗಳ ಮೇಲೆ ಹಾಲುಬಣ್ಣದ ಮಬ್ಬು ಸೆಲೋಟೇಪನ್ನು ಬಿಗಿಯಾಗಿ ಎಳೆದು ಅಂಟಿಸಿ, ಸುಕ್ಕು ಬರಬಾರದು, ಒಳಗಿನ ಶಟರ್ ಬಟ್ಟೆಗೆ ಟೇಪಾಗಲಿ ಬೆರಳಾಗಲಿ ತಾಗಬಾರದು. ಸ್ಪೀಡ್ ಚಕ್ರವನ್ನು ಬಿ ಗುರುತಿಗೆ ಇಟ್ಟು, ಶಟರ್ ಗುಂಡಿಯ ತೂತಿಗೆ ಕೇಬಲ್ ರಿಲೀಸ್ ಹಾಕಿ ಒತ್ತಿ ಬಿಗಿ ಮಾಡಿ. ಈಗ ಆ ಟೇಪಿನ ಮೇಲೆ ಹೊರಗಿನ ಚಿತ್ರ ತಲೆಕೆಳಗಾಗಿ ಮೂಡುತ್ತದೆ. ಲೆನ್ಸ್ ಎಫ್/2, ಫೋಕಸ್ ರಿಂಗ್ ಅನಂತದ ಕೊನೆಗೆ. ದೂರದ ಮೊಬೈಲ್ ಟವರ್ ಒಂದಕ್ಕೆ ಗುರಿಯಿಟ್ಟು ಭೂತಗನ್ನಡಿಯಲ್ಲಿ ನೋಡಿ. ಟವರಿನ ಸರಳುಗಳು ಬಿಡಿಬಿಡಿಯಾಗಿ ಕಾಣಬೇಕು. ತಲೆ ಮೇಲೆ ಕಪ್ಪು ಬಟ್ಟೆ ಹೊದ್ದುಕೊಂಡರೆ ಚೆನ್ನಾಗಿ ಕಾಣುತ್ತದೆ, ಪಕ್ಕದ ಮನೆಯವರು ಏನಾದರೂ ಅಂದುಕೊಳ್ಳಲಿ.

ಟೇಪಿನ ಮೇಲೆ ಚೂಪಾಗಿದ್ದು ವ್ಯೂಫೈಂಡರ್‌ನಲ್ಲಿ ಮಾತ್ರ ಮಬ್ಬಾಗಿದ್ದರೆ ನೀವು ಅದೃಷ್ಟವಂತರು. ಕನ್ನಡಿ ಒರಗುವ ಜಾಗ ಸ್ವಲ್ಪ ಸರಿದಿದೆ, ಮೆಕ್ಯಾನಿಕ್ ಅದನ್ನು ಕೂರಿಸುತ್ತಾರೆ. ಎರಡರಲ್ಲೂ ಮಬ್ಬಿದ್ದರೆ ಲೆನ್ಸೋ ಬಳೆಯೋ ತಪ್ಪಿದೆ. ಯಾರದಾದರೂ ಇನ್ನೊಂದು ಪೆಂಟಾಕ್ಸ್ ಕೆ ಲೆನ್ಸ್ ಒಂದು ದಿನಕ್ಕೆ ತಂದು ಅದೇ ಪರೀಕ್ಷೆ ಮಾಡಿದರೆ ತಪ್ಪು ಯಾವುದರದ್ದು ಅಂತ ಗೊತ್ತಾಗುತ್ತದೆ. ಒಂದು ಪಕ್ಕ ಚೂಪು, ಇನ್ನೊಂದು ಪಕ್ಕ ಮಬ್ಬು ಇದ್ದರೆ ಬಳೆ ವಾಲಿದೆ ಅಥವಾ ಲೆನ್ಸಿನ ಒಳಗಿನ ಗಾಜು ಜಾಗ ಬಿಟ್ಟಿದೆ. ಫೋಕಸ್ ರಿಂಗನ್ನೂ ಒಂದು ಸುತ್ತು ನಿಧಾನ ತಿರುಗಿಸಿ ನೋಡಿ. ಒಂದೇ ಜಾಗದಲ್ಲಿ ಪ್ರತಿ ಸಲ ಹಿಡಿದರೆ ಕೊಳವೆ ಬಾಗಿದೆ. ಎಲ್ಲ ಕಡೆ ಒಂದೇ ಸಮ ಬಿಗಿ ಇದ್ದರೆ ಅದು ಹಳೇ ಗ್ರೀಸು.

ಸೊಟ್ಟ ಫಿಲ್ಟರ್ ಬಗ್ಗೆ ಎರಡು ಮಾತು. ಕ್ಯಾಮೆರಾ ಮುಖ ಕೆಳಗೆ ಮಾಡಿ ಬ್ಲೋವರ್‌ನಿಂದ ಗಾಜಿನ ಚೂರು ಉದುರಿಸಿ, ಉಳಿದದ್ದನ್ನು ಚಿಮಟದಲ್ಲಿ ತೆಗೆಯಿರಿ. ಚೂರು ಇರುವಾಗ ಲೆನ್ಸ್ ಒರೆಸಲೇಬೇಡಿ. ಇಕ್ಕಳ ಹಾಕಿ ತಿರುಗಿಸಬೇಡಿ. ರಿಂಗ್ ಜೊತೆ ಲೆನ್ಸಿನ ಥ್ರೆಡ್ಡುಗಳೂ (ಫಿಲ್ಟರ್ ತಿರುಗಿ ಕೂರುವ ಗೆರೆಗಳು) ಕಿತ್ತು ಬರುತ್ತವೆ. ಬಾಗಿದ ಅಂಚನ್ನು ಒಳಗಿನಿಂದ ಹಿಗ್ಗಿಸುವ ಸಾಧನ ಮೆಕ್ಯಾನಿಕ್‌ಗಳ ಹತ್ತಿರ ಇರುತ್ತದೆ, ಕೆಲವೇ ನಿಮಿಷದ ಕೆಲಸ. ಅದಕ್ಕೂ ಬಗ್ಗದಿದ್ದರೆ ಫಿಲ್ಟರ್ ರಿಂಗನ್ನು ಎರಡು ಕಡೆ ಗರಗಸದಲ್ಲಿ ಕೊಯ್ದು ಒಳಕ್ಕೆ ಮಡಚಿ ತೆಗೆಯುತ್ತಾರೆ. ಲೋಹದ ಹುಡಿ ಗಾಜಿನ ಮೇಲೆ ಬೀಳುವ ಅಪಾಯ ಇದೆ, ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಮೇಲ್ಮುಚ್ಚಳದ ತಗ್ಗನ್ನು ಹಾಗೇ ಬಿಡಿ ಅನ್ನುವುದು ನನ್ನ ಅಭಿಪ್ರಾಯ. ಅದನ್ನು ಎತ್ತಬೇಕಾದರೆ ಮುಚ್ಚಳ ಬಿಚ್ಚಿ ಒಳಗಿನಿಂದ ಒತ್ತಬೇಕು, ಮೇಲಿನ ಲೇಪ ಬಿರುಕು ಬಿಡಬಹುದು. ತಗ್ಗು ಗುಬ್ಬಿಯ ಕಡ್ಡಿಗೆ ತಾಗುತ್ತಿದ್ದರೆ ಅಥವಾ ವ್ಯೂಫೈಂಡರ್‌ನ ಗಾಜಿನ ಪ್ರಿಸಂ ಒತ್ತುತ್ತಿದ್ದರೆ ಮಾತ್ರ ಎತ್ತಿಸಿ. ಯೂಟ್ಯೂಬ್ ನೋಡಿ ನೀವೇ ಬಿಚ್ಚುವ ಆಸೆ ಬಂದರೆ ಒಂದು ಎಚ್ಚರಿಕೆ: ಜಪಾನಿನ ಕ್ಯಾಮೆರಾಗಳ ಸ್ಕ್ರೂ ತಲೆಯ ಪ್ಲಸ್ ಗುರುತು ನಮ್ಮ ಅಂಗಡಿಯ ಫಿಲಿಪ್ಸ್ ಸ್ಕ್ರೂಡ್ರೈವರಿಗೆ ಸರಿಯಾಗಿ ಹೊಂದುವುದಿಲ್ಲ. ಅದಕ್ಕೆ ಜೆಐಎಸ್ ಅಂತ ಬೇರೆ ಮೊನೆ ಇದೆ. ತಪ್ಪು ಮೊನೆ ಹಾಕಿ ಸ್ಕ್ರೂ ತಲೆ ಸವೆಸಿದ ಮೇಲೆ ನನ್ನ ಹತ್ತಿರ ಬಂದ ಕ್ಯಾಮೆರಾಗಳಿಗೆ ಕೂಲಿ ದುಪ್ಪಟ್ಟು, ಅದು ಬೇಜಾರಿನ ಕೂಲಿ. ಇನ್ನು, ಇದನ್ನು ಓದಿ ಮನೆಯ ಹಳೇ ಯಾಷಿಕಾ ಎಂಎಫ್-2 ಬಿಚ್ಚಲು ಹೊರಡುವವರಿಗೆ: ಒಳಗೇ ಫ್ಲ್ಯಾಷ್ ಇರುವ ಕ್ಯಾಮೆರಾದ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ, ಸೆಲ್ ತೆಗೆದ ಮೇಲೂ. ಮುಟ್ಟಬೇಡಿ.

ಹಾಗಾದರೆ ಏನು ಮಾಡುವುದು? ಫೋಕಸ್ ಪರೀಕ್ಷೆ ಸರಿ ಬಂದರೆ ಫಿಲ್ಟರ್ ತೆಗೆಸಿ, ಬಾಗಿಲಿನ ಮತ್ತು ಕನ್ನಡಿಯ ಫೋಮ್ ಬದಲಿಸಿ, ಇನ್ನೊಂದು ರೀಲು ಹಾಕಿ ತೆಗೆಯಿರಿ. ನಿಧಾನದ ಸ್ಪೀಡು ಬಳಸದೆ ಇದ್ದರೆ ಆಯಿತು. ಕಡಿಮೆ ಖರ್ಚು, ಆದರೆ ಗಟ್ಟಿಯಾದ ಎಣ್ಣೆ ಒಳಗೆ ಹಾಗೇ ಇರುತ್ತದೆ, ಯಾವತ್ತಾದರೂ ಶಟರ್ ಹಿಡಿಯಬಹುದು. ಪೂರ್ತಿ ಸರ್ವಿಸ್ ಮಾಡಿಸಿದರೆ ಶಟರ್, ಚಕ್ರ, ಮೀಟರ್ ಎಲ್ಲ ಬಿಚ್ಚಿ ತೊಳೆದು ಕೂರಿಸುತ್ತಾರೆ. ನಾನು ನಿಮ್ಮ ಜಾಗದಲ್ಲಿದ್ದರೆ ಇದನ್ನೇ ಮಾಡಿಸುತ್ತಿದ್ದೆ. ಇದರ ಅಪಾಯ ಇರುವುದು ಕೆಲಸ ಮಾಡುವವರ ಕೈಯಲ್ಲಿ. ಕೂಲಿ ಒಬ್ಬೊಬ್ಬರದು ಒಂದೊಂದು ಥರ, ಅದಕ್ಕೆ ಮೊದಲೇ ಎಸ್ಟಿಮೇಟ್ ಬರೆಸಿಕೊಳ್ಳಿ. ಲೆನ್ಸ್ ಬಳೆಯಿಂದ ಫಿಲ್ಮಿನವರೆಗಿನ ದೂರ ಅಳೆಯುತ್ತೀರಾ, ಶಟರ್ ಸ್ಪೀಡನ್ನು ಯಂತ್ರದಲ್ಲಿ ಅಳೆದು ಕೊಡುತ್ತೀರಾ, ತೆಗೆದ ಹಳೇ ಪಾರ್ಟ್ ವಾಪಸ್ ಕೊಡುತ್ತೀರಾ ಅಂತ ಕೇಳಿ. ಕ್ಯಾಮೆರಾ ನೋಡುವ ಮುಂಚೆಯೇ ಎಲ್ಲ ಬದಲಾಯಿಸಬೇಕು ಅಂದವರಿಗೆ ಕೊಡಬೇಡಿ.

ಲೆನ್ಸ್ ಬಳೆಯ ಹಿಂದಿನ ಎರಕದ ಚೌಕಟ್ಟೇ ಬಾಗಿದ್ದರೆ ಮಾತ್ರ ರಿಪೇರಿಗೆ ಅರ್ಥ ಇಲ್ಲ. ಆಗ ಇನ್ನೊಂದು ಕೆ1000 ಬಾಡಿ ಕೊಂಡು ಅದಕ್ಕೆ ಅಪ್ಪನ ಲೆನ್ಸ್ ಹಾಕಿ, ಹಳೇ ಬಾಡಿಯನ್ನು ಪಾರ್ಟಿಗೆ ಇಟ್ಟುಕೊಳ್ಳಿ. ಹಾಗೆ ಕೊಂಡ ಬಾಡಿಯಲ್ಲೂ ಇದೇ ಕೊಳೆತ ಫೋಮ್, ಇದೇ ಒಣಗಿದ ಎಣ್ಣೆ ಇರುವ ಸಾಧ್ಯತೆ ಜಾಸ್ತಿ ಅನ್ನುವುದು ಗೊತ್ತಿರಲಿ.

ಅಪ್ಪನಿಗೆ ಹೇಳಿಬಿಡಿ. ನಾನು ಹೇಳುತ್ತಿರುವುದು ರಿಪೇರಿ ದೃಷ್ಟಿಯಿಂದಲೇ. ಮೀಟರ್ ಯಾವಾಗಿಂದ ಕೆಟ್ಟಿತ್ತು, 1 ಸೆಕೆಂಡು ಸರಿಯಾಗಿತ್ತಾ, ಮೊದಲು ಯಾವಾಗಲಾದರೂ ಬಿದ್ದಿತ್ತಾ, ಯಾರಾದರೂ ಬಿಚ್ಚಿದ್ದರಾ ಅನ್ನುವುದು ಅವರಿಗೆ ಮಾತ್ರ ಗೊತ್ತು. ಅವರು ತೆಗೆದ ಕೊನೆಯ ರೀಲಿನ ನೆಗೆಟಿವ್ ಮನೆಯಲ್ಲಿದ್ದರೆ ಅದನ್ನೂ ಹುಡುಕಿ, ಮೆಕ್ಯಾನಿಕ್‌ಗೆ ಕ್ಯಾಮೆರಾ ಜೊತೆಗೇ ಕೊಡಿ.

ಬೆಂಗಳೂರಿಗೋ ಮೈಸೂರಿಗೋ ಕಳಿಸುವುದಾದರೆ ಕೊರಿಯರಿಗಿಂತ ಕೈಯಲ್ಲಿ ಒಯ್ಯುವುದು ವಾಸಿ. ಕಳಿಸಲೇಬೇಕಾದರೆ ಲೆನ್ಸ್ ಬೇರೆ, ಬಾಡಿ ಬೇರೆ ಸುತ್ತಿ, ಎರಡೂ ಕಡೆ ಮುಚ್ಚಳ ಹಾಕಿ, ಸೆಲ್ ತೆಗೆದು, ಶಟರ್ ಲಿವರ್ ಎಳೆಯದ ಸ್ಥಿತಿಯಲ್ಲಿ ಇಟ್ಟು, ಪೆಟ್ಟಿಗೆಯೊಳಗೆ ಪೆಟ್ಟಿಗೆ ಮಾಡಿ ಕಳಿಸಿ. ಒಳಗೆ ಏನೋ ಗಲಗಲ ಅನ್ನುತ್ತಿದೆಯಾ ಅಂತ ಅಲ್ಲಾಡಿಸಿ ನೋಡಬೇಡಿ. ಬಿಟ್ಟುಹೋದ ಸ್ಕ್ರೂ ಇದ್ದರೆ ಅದು ಚಕ್ರಗಳ ನಡುವೆ ಹೋಗಿ ಕೂರುತ್ತದೆ.

ವಾಪಸ್ ಬಂದ ಮೇಲೆ ಹಳೇ ಚರ್ಮದ ಕವರ್‌ಗೆ ಮಾತ್ರ ಹಾಕಬೇಡಿ. ಮೂಡಿಗೆರೆ ಮಳೆಗಾಲದಲ್ಲಿ ಚರ್ಮ ತೇವ ಹೀರಿ ಹಿಡಿದಿಡುತ್ತದೆ, ಲೆನ್ಸಿಗೆ ಬೂಷ್ಟು ಬರುವುದು ಅಲ್ಲಿಂದಲೇ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅದರ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಿದರೆ ಸಾಕು. ಮತ್ತೆ ಹೆಗಲಿಗೆ ಹಾಕಿಕೊಳ್ಳುವ ಮುಂಚೆ ಬೆಲ್ಟ್ ಒಂದೇ ಅಲ್ಲ, ಬೆಲ್ಟ್ ಸಿಕ್ಕಿಸುವ ಎರಡು ಉಕ್ಕಿನ ರಿಂಗುಗಳನ್ನೂ ಹೊಸದು ಹಾಕಿಸಿ.